ಭಾನುವಾರದ ಒಂದು ಗಂಟೆ

ನಮ್ಮ ವಿಶ್ವವಿದ್ಯಾಲಯದ ಗಂಡಸರ ಐಸ್ ಹಾಕಿ ತಂಡ, ನಾನು ಕಂಡ ಮೊದಲ ಸೀಸನ್ನಿನಲ್ಲಿ, ಆಡಿದ ಪಂದ್ಯಗಳನ್ನೆಲ್ಲ ಸೋತಿತು. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಪಟ್ಟಿಯಲ್ಲಿ ಗೋಲುಗಳನ್ನು ಬರೆದುಕೊಳ್ಳುತ್ತಿದ್ದವಳು ನಾನೇ.

ಎರಡು ಸಾವಿರದ ದಶಕದ ಮೊದಲ ವರ್ಷಗಳವು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ಉಕ್ಕಿನ ಮೇಲೆ ಸಂಶೋಧನೆ ಮಾಡಲೆಂದು ನಾನು ಉತ್ತರ ಸ್ವೀಡನ್ನಿನ ಸಮುದ್ರದಂಚಿನ ಒಂದು ಊರಿಗೆ ಬಂದಿದ್ದೆ. ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿಗೆ ಇನ್ನೊಬ್ಬ ಕನ್ನಡಿಗ ಕೂರುತ್ತಿದ್ದ. ಬೆಂಗಳೂರಿನವನು, ನನ್ನದೇ ವಯಸ್ಸು, ನನಗಿಂತ ಒಂದು ವರ್ಷ ಮೊದಲು ಬಂದವನು. ಬಸ್ ಪಾಸು ಮಾಡಿಸುವುದರಿಂದ ಹಿಡಿದು ಪೆರ್ಸೂನ್‌ನುಮ್ಮರ್ ಎಂಬ ಗುರುತಿನ ಸಂಖ್ಯೆ ಪಡೆಯುವವರೆಗೆ ಎಲ್ಲದಕ್ಕೂ ನನ್ನ ಜೊತೆ ಬಂದಿದ್ದ. ಮೊದಲ ಎರಡು ವಾರ ‘ನೀವು’ ಎಂದವನು ಮೂರನೆಯ ವಾರಕ್ಕೆ ‘ಕಣೇ’ಗೆ ಇಳಿದ. ನನಗದು ಹಿತವಾಗಿಯೇ ಇತ್ತು.

ಒಂದು ದಿನ ಅವನು ನೋಟಿಸ್ ಬೋರ್ಡಿನ ಚೀಟಿಯೊಂದನ್ನು ಕಿತ್ತುಕೊಂಡೇ ಬಂದ. ಹಾಕಿ ತಂಡದ ಗೋಲ್‌ಕೀಪರನಿಗೆ ಕೆಲಸ ಸಿಕ್ಕಿ ದಕ್ಷಿಣಕ್ಕೆ ಹೋಗಿದ್ದಾನೆ, ಯಾರಾದರೂ ಬನ್ನಿ, ಸ್ಕೇಟಿಂಗ್ ಬಾರದಿದ್ದರೂ ಕಲಿಸುತ್ತೇವೆ ಎಂದು ಅದರಲ್ಲಿತ್ತು.

“ನಾನು ಕಾಲೇಜಲ್ಲಿ ವಿಕೆಟ್ ಕೀಪರ್ ಆಗಿದ್ದೆ ಗೊತ್ತಾ? ಬಾಲು ಬಾಲೇ ಕಣೇ. ಅದು ಗುಂಡಗೆ, ಇದು ಚಪ್ಪಟೆ, ಅಷ್ಟೇ ಡಿಫರೆನ್ಸು. ನೀನೂ ಬಾ, ಒಬ್ಬನೇ ಹೋಗಕ್ಕೆ ಒಂಥರಾ ಆಗತ್ತೆ.”

ಹೀಗೆ ನಾನು ಹೋದೆ. ವಿದ್ಯಾರ್ಥಿಗಳ ತಂಡವಾದ್ದರಿಂದ ಯಾರಿಗೂ ಬೇಡವಾದ ಸಮಯ ಅವರಿಗೆ ಸಿಕ್ಕಿತ್ತು: ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ ಆರು ಗಂಟೆ, ಭಾನುವಾರ ಒಂಬತ್ತು. ವಾರಕ್ಕೆ ಮೂರೇ ಗಂಟೆಯ ಐಸ್. ಮೊದಲ ದಿನ ಅವನು ಗೋಲಿನವರೆಗೂ ಕಂಬಿ ಹಿಡಿದುಕೊಂಡೇ ಹೋದ. ಪ್ಯಾಡು, ಎದೆಗವಚ, ಹೆಲ್ಮೆಟ್ಟು ಎಲ್ಲ ಹಾಕಿಕೊಂಡ ಮೇಲೆ ಅವನಿಗೆ ಬಗ್ಗಲು ಆಗುತ್ತಿರಲಿಲ್ಲ. ಕಾಲಿನ ಪ್ಯಾಡಿನ ಪಟ್ಟಿಗಳನ್ನು ಬಿಗಿಯಲು ಒಬ್ಬರು ಬೇಕಿತ್ತು. ನಾನು ಮಂಡಿಯೂರಿ ಕೂತು ಬಿಗಿದೆ. ಮುಂದಿನ ಸಲವೂ ಬಿಗಿದೆ. ಒಂದು ತಿಂಗಳಾಗುವಷ್ಟರಲ್ಲಿ ಸ್ಕೇಟಿನ ಅಲಗು ಮಸೆಯುವುದು, ಮುರಿದ ಸ್ಟಿಕ್ಕಿಗೆ ಟೇಪು ಸುತ್ತುವುದು, ಪಂದ್ಯದ ಪಟ್ಟಿ ತುಂಬುವುದು ಎಲ್ಲ ನನ್ನ ಕೆಲಸವಾಗಿತ್ತು. ಅವನಿಗೆ ಪಕ್ ಎಂಬ ಆ ಚಪ್ಪಟೆ ರಬ್ಬರ್ ಬಿಲ್ಲೆ ಎಂದರೆ ಭಯವಿತ್ತು, ಬಂದಾಗ ಕಣ್ಣು ಮುಚ್ಚುತ್ತಿದ್ದ. ಅದಕ್ಕೆ ಮಧ್ಯಾಹ್ನ ಊಟವಾದ ಮೇಲೆ ಲ್ಯಾಬಿನ ಕಾರಿಡಾರಿನಲ್ಲಿ ನಾನು ಟೆನಿಸ್ ಚೆಂಡು ಎಸೆಯುತ್ತಿದ್ದೆ, ಅವನು ಹಿಡಿಯುತ್ತಿದ್ದ. ದಿನಕ್ಕೆ ನೂರು ಚೆಂಡು. ಕಣ್ಣು ಮುಚ್ಚಿದರೆ ಆ ಚೆಂಡು ಲೆಕ್ಕಕ್ಕಿಲ್ಲ.

ಎರಡನೆಯ ಸೀಸನ್ನಿನಲ್ಲಿ ಒಂದು ಪಂದ್ಯ ಗೆದ್ದರು. ಡಿಸೆಂಬರಿನಲ್ಲಿ, ಪಕ್ಕದ ಊರಿನ ಕಾರ್ಖಾನೆ ಕೆಲಸಗಾರರ ತಂಡದ ಮೇಲೆ. ಕೊನೆಯ ನಿಮಿಷದಲ್ಲಿ ಅವನು ಒಂದು ಹೊಡೆತವನ್ನು ಎಡಗೈಯಲ್ಲಿ ಹಿಡಿದ, ಕಣ್ಣು ತೆರೆದೇ ಇದ್ದವು. ತಂಡದ ನಾಯಕ, ಅರಣ್ಯ ವಿಜ್ಞಾನ ಓದುತ್ತಿದ್ದ ಎತ್ತರದ ಮಿತಭಾಷಿ, ಅವನನ್ನು ತಬ್ಬಿಕೊಂಡು ಐಸಿನ ಮೇಲೆಯೇ ಉರುಳಾಡಿದ. ಆಮೇಲೆ ನಾನು ಕೂತಿದ್ದ ಬೆಂಚಿನ ಹತ್ತಿರ ಬಂದು ಕೈಕುಲುಕಿ, “ಇದು ನಿನ್ನದೂ ಗೆಲುವು,” ಎಂದ. ನನಗೆ ಆ ಮಾತು ಎಷ್ಟು ದಿನ ಸಾಕಾಯಿತೆಂದರೆ ಈಗ ನೆನೆದರೆ ನಾಚಿಕೆಯಾಗುತ್ತದೆ.

ಅದೇ ಚಳಿಗಾಲದಲ್ಲಿ ನಾನೂ ಸ್ಕೇಟಿಂಗ್ ಕಲಿತೆ. ಅಭ್ಯಾಸ ಮುಗಿದ ಮೇಲೆ ಯಂತ್ರ ಬಂದು ಐಸನ್ನು ನುಣುಪು ಮಾಡುವ ಮೊದಲು ಹತ್ತು ನಿಮಿಷ ಐಸ್ ಹಾಲ್ ಖಾಲಿ ಇರುತ್ತಿತ್ತು. ನಮ್ಮ ಲ್ಯಾಬಿನ ಟೆಕ್ನಿಷಿಯನ್, ಐವತ್ತರ ಹತ್ತಿರದ ಸ್ಥಳೀಯ ಹೆಂಗಸು, ಚಿಕ್ಕಂದಿನಲ್ಲಿ ಅಣ್ಣಂದಿರ ಜೊತೆ ಆಡಿದವಳು. ಅವಳೇ ನನ್ನ ಗುರು. ಬರಬರುತ್ತ ಇನ್ನಿಬ್ಬರು ವಿದ್ಯಾರ್ಥಿನಿಯರು ಸೇರಿಕೊಂಡರು. ಹತ್ತು ನಿಮಿಷದಲ್ಲಿ ನಾಲ್ವರು, ಒಂದು ಪಕ್. ಬಿಸಿಯೇರುವಷ್ಟರಲ್ಲಿ ಯಂತ್ರದ ಡ್ರೈವರ್ ಹಾರ್ನ್ ಬಾರಿಸುತ್ತಿದ್ದ.

ಮೂರನೆಯ ಸೀಸನ್ ಶುರುವಾಗುವಾಗ ನಾಯಕ ನನ್ನನ್ನು ಫೀಕಾಕ್ಕೆ ಕರೆದ. ಅಲ್ಲಿ ಮುಖ್ಯವಾದ ಮಾತುಗಳೆಲ್ಲ ಕಾಫಿ, ಬನ್ನಿನ ಜೊತೆಗೇ ಆಗುವುದು. ಹಾಕಿ ಸಂಘದ ಕಾರ್ಯದರ್ಶಿ ಬಿಟ್ಟುಹೋಗಿದ್ದಾನೆ, ಯಾರೂ ಒಪ್ಪುತ್ತಿಲ್ಲ, ನೀನು ಮಾಡುತ್ತೀಯಾ ಎಂದು ಕೇಳಿದ. ನನ್ನ ಸ್ವೀಡಿಷ್ ಅಷ್ಟಕ್ಕಷ್ಟೇ ಎಂದೆ. “ನಿನ್ನಷ್ಟು ಅಚ್ಚುಕಟ್ಟಾಗಿ ಬರೆಯುವವರು ನಮ್ಮಲ್ಲಿಲ್ಲ,” ಎಂದ. ಆಗ ನಾನು ಕೇಳಿದೆ, ನಮಗೆ ಹೆಂಗಸರಿಗೆ ವಾರಕ್ಕೆ ಒಂದು ಗಂಟೆ ಕೊಡಬಹುದೇ ಎಂದು. ಅವನು ಸ್ವಲ್ಪ ಯೋಚಿಸಿದ.

“ವಸಂತದ ವಾರ್ಷಿಕ ಸಭೆಯಲ್ಲಿ ಪ್ರಸ್ತಾವ ಇಡು. ಭಾನುವಾರದ ಗಂಟೆ. ನಾನು ಬೆಂಬಲಿಸುತ್ತೇನೆ.”

ಲ್ಯಾಬಿಗೆ ಓಡಿಬಂದು ಗೆಳೆಯನಿಗೆ ಹೇಳಿದೆ. ಅವನು ಕುರ್ಚಿಯಿಂದಲೇ ಎರಡೂ ಕೈ ಎತ್ತಿದ.

“ನನ್ನ ವೋಟು ನಿಂದೇ ಕಣೇ. ಎರಡು ಕೈಗೂ ವೋಟಿದ್ರೆ ಎರಡೂ ನಿಂದೇ.”

ಆ ವರ್ಷ ತಂಡ ಗೆಲ್ಲುತ್ತ ಹೋಯಿತು. ಇದ್ದಕ್ಕಿದ್ದಂತೆ ಏನಾಯಿತೆಂದು ಕೇಳಿದರೆ ನನಗೂ ಗೊತ್ತಿಲ್ಲ. ಒಳ್ಳೆಯ ಇಬ್ಬರು ಡಿಫೆಂಡರುಗಳು ಬಂದಿದ್ದರು, ನಮ್ಮ ಗೋಲ್‌ಕೀಪರ್ ನಿಂತಲ್ಲಿ ನಿಲ್ಲುವುದನ್ನು ಕಲಿತಿದ್ದ. ಫೆಬ್ರವರಿಯಲ್ಲಿ, ಹೊರಗೆ ಮೈನಸ್ ಇಪ್ಪತ್ತೈದು ಇರುವಾಗ, ಬಸ್ಸಿನಲ್ಲಿ ಮೂರು ನಾಲ್ಕು ಗಂಟೆ ಪ್ರಯಾಣ ಮಾಡಿ ಆಡಿ ಬರುತ್ತಿದ್ದೆವು. ಎಲ್ಲರಿಗಾಗಿ ನಾನು ಪುಳಿಯೋಗರೆ ಕಟ್ಟಿಕೊಂಡು ಹೋಗುತ್ತಿದ್ದೆ. ಮಾರ್ಚಿನಲ್ಲಿ ಅವರು ಮೇಲಿನ ಡಿವಿಷನ್ನಿಗೆ ಏರಿದರು. ಆ ಸಂಜೆ ಐಸ್ ಹಾಲಿನ ಹೊರಗೆ ಹಿಮದ ಗುಡ್ಡೆಯ ಮೇಲೆ ನಿಂತು ಹಾಡಿದರು. ನಾನೂ ಹಾಡಿದೆ, ಅರ್ಥವಾಗದ ಪದಗಳನ್ನೂ ಬಿಡದೆ.

ವಾರ್ಷಿಕ ಸಭೆ ಎರಡು ವಾರಗಳ ನಂತರ, ಒಂದು ಗುರುವಾರ ಇತ್ತು. ಪ್ರಸ್ತಾವ ಮಂಡಿಸಲು ಐದು ನಿಮಿಷದ ಭಾಷಣ ಬರೆದೆ, ಸ್ವೀಡಿಷ್‌ನಲ್ಲಿಯೇ. ಶನಿವಾರ ಗೆಳೆಯನನ್ನು ಮನೆಗೆ ಕರೆದು, ಒಗ್ಗರಣೆ ಅವಲಕ್ಕಿ ಕೊಟ್ಟು, ನೆಲದ ಮೇಲೆ ಕೂರಿಸಿ ಓದಿ ತೋರಿಸಿದೆ. ಮೂರು ಸಲ ಓದಿದೆ. ಅವನು ತಟ್ಟೆ ಕೆಳಗಿಟ್ಟು ಗಮನವಿಟ್ಟು ಕೇಳಿದ.

“ಸಾಂಡಾಗ್ ಅಲ್ಲ ಕಣೇ, ಸೆಂಡಾಗ್. ತುಟಿ ಗುಂಡಗೆ ಮಾಡು. ಭಾನುವಾರನೇ ಸರಿಯಾಗಿ ಬರ್ಲಿಲ್ಲ ಅಂದ್ರೆ ಯಾರು ಕೊಡ್ತಾರೆ?”

ತುಟಿ ಗುಂಡಗೆ ಮಾಡಿ ಹೇಳಿದೆ. ಇಬ್ಬರೂ ನಕ್ಕೆವು. ಹೊರಡುವಾಗ ಬಾಗಿಲಲ್ಲಿ ನಿಂತು ಬೂಟಿನ ಲೇಸು ಕಟ್ಟುತ್ತ, “ಎಲ್ಲಾ ಚೆನ್ನಾಗಿ ಆಗತ್ತೆ ಬಿಡು,” ಎಂದ. ನನ್ನ ಮುಖ ನೋಡದೆ ಹೇಳಿದ ಎಂಬುದು ಆಮೇಲೆ ನೆನಪಾಯಿತು. ಲೇಸು ಕಟ್ಟುವಾಗ ಯಾರೂ ಮುಖ ನೋಡುವುದಿಲ್ಲವಲ್ಲ.

ಸಭೆ ವಿದ್ಯಾರ್ಥಿ ಸಂಘದ ನೆಲಮಾಳಿಗೆಯಲ್ಲಿ ನಡೆಯಿತು. ಸ್ವೀಡನ್ನಿನಲ್ಲಿ ಎಷ್ಟು ಚಿಕ್ಕ ಸಂಘವಾದರೂ ಸಭೆಯ ಕ್ರಮ ತಪ್ಪುವುದಿಲ್ಲ. ಮೊದಲು ಅಧ್ಯಕ್ಷರ ಆಯ್ಕೆ, ನಡಾವಳಿ ಬರೆಯುವವರ ಆಯ್ಕೆ, ಆಮೇಲೆ ಆ ನಡಾವಳಿಯನ್ನು ಓದಿ ಸರಿಯಿದೆ ಎಂದು ಸಹಿ ಮಾಡುವ ಒಬ್ಬರ ಆಯ್ಕೆ. ಬರೆಯುವವಳು ನಾನು. ಸಹಿ ಮಾಡುವವನಾಗಿ ನನ್ನ ಗೆಳೆಯನನ್ನು ಆರಿಸಿದರು. ನನಗೆ ಖುಷಿಯಾಯಿತು.

ನನ್ನ ಸರದಿ ಬಂದಾಗ ಎದ್ದು ನಿಂತು ಭಾಷಣ ಮಾಡಿದೆ. ಭಾನುವಾರ ಸರಿಯಾಗಿಯೇ ಬಂತು. ಮುಗಿದ ಮೇಲೆ ಯಾರೂ ಪ್ರಶ್ನೆ ಕೇಳಲಿಲ್ಲ. ಯಾರೂ ವಿರೋಧವಾಗಿ ಮಾತನಾಡಲೂ ಇಲ್ಲ. ಮಾತೇ ಇಲ್ಲದಿದ್ದಾಗ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಎಲ್ಲರೂ ಒಪ್ಪಿದ್ದಾರೆ ಎಂದುಕೊಂಡೆ.

ಪರವಾಗಿರುವವರು ಕೈ ಎತ್ತಿ ಎಂದರು. ನಾನು, ಟೆಕ್ನಿಷಿಯನ್, ಆ ಇಬ್ಬರು ಹುಡುಗಿಯರು, ಮತ್ತೆ ತಂಡದ ಅತ್ಯಂತ ಹಿರಿಯ ಆಟಗಾರನೊಬ್ಬ. ಐದು. ವಿರೋಧವಾಗಿರುವವರು ಎಂದಾಗ ಹದಿಮೂರು ಕೈ ಮೇಲೆದ್ದವು. ಅದರಲ್ಲಿ ನಾಯಕನದೊಂದು. ಬರೆದುಕೊಳ್ಳಬೇಕಾದ್ದರಿಂದ ನಾನು ಒಂದೊಂದಾಗಿ ಎಣಿಸಲೇಬೇಕಿತ್ತು. ಎಣಿಸುತ್ತ ಹೋದಾಗ ಹತ್ತನೆಯದೋ ಹನ್ನೊಂದನೆಯದೋ ನನ್ನ ಗೆಳೆಯನ ಕೈ. ಭುಜದಷ್ಟು ಎತ್ತರಕ್ಕೆ ಮಾತ್ರ ಎತ್ತಿದ್ದ. ಅವನು ಕಾಫಿ ಫ್ಲಾಸ್ಕನ್ನು ನೋಡುತ್ತಿದ್ದ.

‘ಪ್ರಸ್ತಾವ ತಿರಸ್ಕೃತ’ ಎಂದು ನನ್ನ ಕೈಯಾರೆ ಬರೆದೆ.

ಸಭೆ ಮುಗಿದು ಕುರ್ಚಿ ಜೋಡಿಸುವಾಗ ನಾಯಕ ಹತ್ತಿರ ಬಂದ. ಅವನ ಮುಖದಲ್ಲಿ ಮುಜುಗರವೇನೂ ಇರಲಿಲ್ಲ. “ಮೇಲಿನ ಡಿವಿಷನ್ನಿಗೆ ಬಂದಿದ್ದೇವೆ, ಈಗ ಮೂರು ಗಂಟೆಯೂ ಸಾಲದು. ಕಳೆದ ವಾರ ಸೌನಾದಲ್ಲಿ ಎಲ್ಲ ಸೇರಿ ಮಾತಾಡಿ ತೀರ್ಮಾನಿಸಿದೆವಲ್ಲ,” ಎಂದ. ನಾನೂ ಅಲ್ಲಿದ್ದೆನೋ ಎಂಬಂತೆ ಹೇಳಿದ. ಅಭ್ಯಾಸದ ನಂತರ ಗಂಡಸರೆಲ್ಲ ಒಟ್ಟಿಗೆ ಕೂರುವ ಆ ಬಿಸಿ ಕೋಣೆಯ ಬಾಗಿಲನ್ನು ಮೂರು ವರ್ಷದಲ್ಲಿ ನಾನು ಹೊರಗಿನಿಂದ ಮಾತ್ರ ನೋಡಿದ್ದೆ.

ಮರುದಿನ ನಡಾವಳಿಯನ್ನು ಟೈಪ್ ಮಾಡಿ ಲ್ಯಾಬಿನ ಕಾಫಿ ಕೋಣೆಗೆ ಒಯ್ದೆ. ಗೆಳೆಯ ಒಬ್ಬನೇ ಇದ್ದ. ಕಾಗದ ಅವನ ಮುಂದಿಟ್ಟೆ.

“ಸೈನ್ ಮಾಡು.”

ಅವನು ತಕ್ಷಣ ಪೆನ್ ತೆಗೆದ.

“ಓದು. ಓದಿ ಸೈನ್ ಮಾಡ್ಬೇಕು.”

ಓದಿದ. ಅಥವಾ ಓದುವಷ್ಟು ಹೊತ್ತು ಕಾಗದ ನೋಡಿದ. “ಸರಿ ಇದೆ,” ಎಂದ.

“ಸೌನಾದಲ್ಲಿ ಮಾತಾಡಿದ್ದು ಯಾವತ್ತು?”

ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ. “ಗುರುವಾರ.”

“ಹೋದ ಗುರುವಾರ?”

“ಹೂಂ.”

ಅವನ ಜೊತೆ ಮಾತಾಡುವಾಗ ನಾನು ಹುಬ್ಬಳ್ಳಿ ಮಾತನ್ನು ಅದುಮಿಟ್ಟುಕೊಳ್ಳುತ್ತಿದ್ದೆ. ಬೆಂಗಳೂರಿನವರು ನಗುತ್ತಾರೆಂಬ ಅಳುಕು. ಅವತ್ತು ಆ ಅಳುಕು ಎಲ್ಲಿ ಹೋಯಿತೋ.

“ಗುರುವಾರ ನಿನಗ ಗೊತ್ತಿತ್ತು. ಶನಿವಾರ ನಮ್ಮನ್ಯಾಗ ಕೂತು ಅವಲಕ್ಕಿ ತಿಂದಿ. ಮೂರು ಸಲ ನನ್ನ ಭಾಷಣ ಕೇಳಿದಿ. ತುಟಿ ಗುಂಡಗ ಮಾಡು ಅಂದಿ. ಹೌದಿಲ್ಲೋ?”

“ಹೇಳೋಣ ಅಂತಾನೇ ಬಂದಿದ್ದೆ ಕಣೇ. ನೀನು ಅಷ್ಟು ಖುಷಿಯಾಗಿದ್ದೆ, ಹೇಗೆ ಹೇಳ್ಲಿ? ನೋಡು, ಮುಂದಿನ ಸೀಸನ್‌ಗೆ ಇನ್ನೊಬ್ಬ ಕೀಪರ್ ಬರ್ತಿದಾನೆ. ಚಿಕ್ಕಂದಿನಿಂದ ಆಡಿದೋನು. ಮೂರು ಗಂಟೆ ಐಸ್ ಇದ್ರೆ ಇಬ್ಬರನ್ನೂ ಇಟ್ಕೋತೀವಿ, ಎರಡೇ ಆದ್ರೆ ಕಷ್ಟ ಅಂದ್ರು. ನಾನೇನ್ ಮಾಡ್ಲಿ?”

ಸಹಿ ಹಾಕುವ ಜಾಗವನ್ನು ನಾನು ಬೆರಳಿಂದ ತೋರಿಸಿದೆ.

“ಆಮೇಲೆ, ನನ್ನೊಬ್ಬನ ವೋಟಿಂದ ಏನೂ ಆಗ್ತಿರ್ಲಿಲ್ಲ. ಎಲ್ಲಾರೂ ಆಗಲೇ ಡಿಸೈಡ್ ಮಾಡ್ಬಿಟ್ಟಿದ್ರು.”

“ಏನೂ ಆಗ್ತಿರ್ಲಿಲ್ಲ ಅಂದಮ್ಯಾಲೆ, ನನ್ನ ಕಡೆ ಕೈ ಎತ್ತಿದ್ರ ನಿಂದೇನ್ ಹೋಗ್ತಿತ್ತು?”

ಅವನು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡ. ಸಹಿ ಮಾಡಿದ. ಕಾಗದ ತೆಗೆದುಕೊಂಡು ನಾನು ನನ್ನ ಮೇಜಿಗೆ ಹೋದೆ. ಒಂದು ನಿಮಿಷದ ಮೇಲೆ ಅವನೂ ಬಂದು ಪಕ್ಕದ ಮೇಜಿಗೆ ಕೂತ. ಬೇರೆ ಜಾಗವಿರಲಿಲ್ಲ.

ಅದೇ ದಿನ ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಐಸ್ ಹಾಲಿನ ಕೀಲಿಕೈ ಹಿಂತಿರುಗಿಸಿದೆ. ಟೆಕ್ನಿಷಿಯನ್ ಮಾತ್ರ ಅಷ್ಟೇನೂ ನೊಂದಿರಲಿಲ್ಲ. “ಅವರು ನನಗೆ ಮಾತು ಕೊಟ್ಟಿರಲಿಲ್ಲ. ನಿನಗೆ ಕೊಟ್ಟಿದ್ದರು. ಅದಕ್ಕೇ ನಿನಗೆ ಹೆಚ್ಚು ನೋವು,” ಎಂದಳು. ಆ ಭಾನುವಾರ ಅವಳ ಕಾರಿನಲ್ಲಿ ಸಲಿಕೆಗಳನ್ನು ಹಾಕಿಕೊಂಡು ನಾವು ನಾಲ್ವರೂ ಊರ ಪಕ್ಕದ ಕೊಲ್ಲಿಗೆ ಹೋದೆವು. ಸಮುದ್ರ ಏಪ್ರಿಲ್ ಕೊನೆಯವರೆಗೂ ಹೆಪ್ಪುಗಟ್ಟಿಯೇ ಇರುತ್ತದೆ. ಹಿಮ ಬಾಚಿ ಆಡುವ ಜಾಗ ಮಾಡಲು ಎರಡು ಗಂಟೆ ಹಿಡಿಯಿತು. ಐಸ್ ಉಬ್ಬುತಗ್ಗಾಗಿತ್ತು, ಪಕ್ ಎಲ್ಲೆಂದರಲ್ಲಿ ಹಾರುತ್ತಿತ್ತು. ಆದರೂ ಹಾರ್ನ್ ಬಾರಿಸುವವರು ಯಾರೂ ಇರಲಿಲ್ಲ. ನಾನು ಸಾಕಷ್ಟು ನಕ್ಕೆ. ಬೂಟು ಬದಲಿಸಲು ಕೂತಾಗ ಅಳುವೂ ಬಂತು, ಆಗ ಟೆಕ್ನಿಷಿಯನ್ ನನ್ನ ಬೆನ್ನ ಮೇಲೆ ಕೈಗವಸು ಹಾಕಿದ ಕೈ ಇಟ್ಟುಕೊಂಡು ಕೂತಳು.

ನಾಲ್ಕನೆಯ ಸೀಸನ್ನನ್ನು ನಾನು ಸ್ಥಳೀಯ ಪತ್ರಿಕೆಯ ಮೂಲೆಯಲ್ಲಿ ಓದಿದೆ. ಹೊಸ ಕೀಪರ್ ಬಂದ. ನನ್ನ ಗೆಳೆಯ ಬೆಂಚಿನಲ್ಲಿ ಕೂತ, ಎರಡು ಪಂದ್ಯಗಳಿಗೆ ಇಳಿದ, ತಂಡ ಮತ್ತೆ ಕೆಳಗಿನ ಡಿವಿಷನ್ನಿಗೆ ಬಿತ್ತು. ಸಂತೋಷವಾಗಬಹುದೆಂದು ಕಾದೆ. ಆಗಲಿಲ್ಲ. ಒಂದೂವರೆ ವರ್ಷ ನಾವು ಅಕ್ಕಪಕ್ಕವೇ ಕೂತು, ಕುಲುಮೆಯ ಉಷ್ಣತೆ, ಪ್ರಬಂಧದ ಕೊನೆಯ ದಿನಾಂಕ, ಇಷ್ಟು ಮಾತ್ರ ಮಾತಾಡಿದೆವು. ಅವನು ಒಮ್ಮೆ ಮತ್ತೆ ‘ನೀವು’ ಎಂದ. ಬಾಯಿತಪ್ಪಿಯೋ ಬೇಕೆಂದೋ ತಿಳಿಯಲಿಲ್ಲ. ನಾನೂ ‘ನೀವು’ ಎಂದೇ ಉತ್ತರಿಸಿದೆ.

ಡಾಕ್ಟರೇಟ್ ಮುಗಿದ ಮೇಲೆ ನನಗೆ ದಕ್ಷಿಣದ ಸೋಡರ್‌ಟೆಲ್ಯೆ ಎಂಬ ಊರಿನ ಲಾರಿ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಅವನು ಅದೇ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಉಳಿದ. ಅಲ್ಲಿಗೆ ಹೋದ ಎರಡನೆಯ ವರ್ಷ ಅವನಿಂದ ಒಂದು ಮೇಲ್ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಈ ಸಲದ ಸಭೆಯಲ್ಲಿ ಭಾನುವಾರದ ಗಂಟೆಯನ್ನು ಹೆಂಗಸರಿಗೆ ಕೊಟ್ಟರು, ಪ್ರಸ್ತಾವ ಇಟ್ಟವನು ನಾನೇ, ಒಂದೂ ವಿರೋಧವಿರಲಿಲ್ಲ, ನಿನಗೆ ಮೊದಲು ತಿಳಿಸಬೇಕೆನಿಸಿತು ಎಂದಿದ್ದ. ಕೊನೆಯಲ್ಲಿ, ಆಗ ನಾನು ಹೆದರಿದ್ದೆ, ಅಷ್ಟೇ, ಎಂದು ಬರೆದಿದ್ದ.

ಅವನು ಸುಳ್ಳು ಹೇಳುತ್ತಿರಲಿಲ್ಲ ಎಂದು ನನಗೆ ಗೊತ್ತು. ಆದರೂ ಸಮಾಧಾನಕ್ಕಿಂತ ಮೊದಲು ನನಗೆ ಬಂದದ್ದು ಸಿಟ್ಟು. ಒಂದೂ ವಿರೋಧವಿಲ್ಲದೆ ಆಗುವಷ್ಟು ಸುಲಭದ ಕೆಲಸವಾಗಿತ್ತು ಅದು. ಮೂರು ದಿನ ಬಿಟ್ಟು ಉತ್ತರ ಬರೆದೆ. ಟೆಕ್ನಿಷಿಯನ್‌ಗೆ ನನ್ನ ನೆನಪು ಹೇಳು, ಈಗ ಆಡುತ್ತಿರುವ ಹುಡುಗಿಯರು ಎಷ್ಟು ಜನ, ಅವರಿಗೆ ಕೀಪರ್ ಇದ್ದಾಳಾ ಎಂದು ಕೇಳಿದೆ. ಹದಿನಾಲ್ಕು ಜನ, ಕೀಪರ್ ಇಲ್ಲ, ಸರದಿಯ ಮೇಲೆ ನಿಲ್ಲುತ್ತಾರೆ ಎಂದು ಬರೆದ. ಅದಕ್ಕೆ ನಾನು ಮತ್ತೆ ಏನೂ ಬರೆಯಲಿಲ್ಲ, ಅವನೂ ಬರೆಯಲಿಲ್ಲ.