ಟವೆಲ್ ಕೆಳಗಿನ ಕೈ

ಗಾಳಿ ಸೋಕಿತು, ದೆವ್ವ ಮುಟ್ಟಿತು ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಕೊಬ್ಬರಿ ಮೂಟೆ ಹೊತ್ತು ಹೊತ್ತು ಅರಸೀಕೆರೆಯಲ್ಲಿ ಸ್ವಂತ ಮಂಡಿ ಇಟ್ಟವನು ನಾನು. ಕಣ್ಣಿಗೆ ಕಾಣದ ಸರಕಿಗೆ ಬೆಲೆ ಕಟ್ಟುವ ಅಭ್ಯಾಸವಿಲ್ಲ. ಈಗಲೂ ದೆವ್ವ ಇದೆ ಎಂದು ವಾದಿಸುತ್ತಿಲ್ಲ. ನಡೆದದ್ದು ಹೇಳುತ್ತೇನೆ, ತೂಕ ನೀವೇ ಹಾಕಿ.

ಎಪ್ಪತ್ತರ ದಶಕದ ಕೊನೆ. ಮಂಡಿಯವರೆಲ್ಲ ಸೇರಿ ಬಸ್ಸು ಮಾಡಿಕೊಂಡು ಬೇಲೂರು, ಹಳೇಬೀಡು ನೋಡಲು ಹೋದೆವು. ಹಳೇಬೀಡಿನಲ್ಲಿ ಊಟವಾದ ಮೇಲೆ, ನಮ್ಮನ್ನು ಸುತ್ತಾಡಿಸುತ್ತಿದ್ದ ಗೈಡ್ ನನ್ನನ್ನೂ ಜೊತೆಯ ವ್ಯಾಪಾರಿ ಸೋಮಣ್ಣನನ್ನೂ ಪಕ್ಕಕ್ಕೆ ಕರೆದ.

"ಗುಡ್ಡದ ಹಿಂದೆ ಕಾಡ್ನಾಗೆ ಒಂದು ಬಿದ್ದೋದ ಗುಡಿ ಐತೆ ಸಾವ್ಕಾರ್ರೇ. ಒಳಗೆ ಚಿಕ್ಕದೊಂದು ವಿಗ್ರಹ. ಕೇಳೋರಿಲ್ಲ. ನನ್ನ ಕೈಗೊಂದಿಷ್ಟು ಬಿದ್ರೆ ಸಾಕು."

ಹೊಸ ಮನೆಯ ಹಜಾರಕ್ಕೆ ಅದು ಬೇಕೇಬೇಕು ಎನ್ನಿಸಿತು. ಸೋಮಣ್ಣನಿಗೂ ಹಾಗೇ ಅನ್ನಿಸಿತು, ಅದೇ ತೊಂದರೆ.

ಲಂಟಾನದ ಪೊದೆ ಸೀಳಿಕೊಂಡು ಹೋದರೆ ಅದು ಗುಡಿಯಲ್ಲ, ಬಾವಲಿಗಳ ಪಾಯಿಖಾನೆ. ಹಿಕ್ಕೆಯಲ್ಲಿ ಪಾದ ಹೂತುಹೋಗುತ್ತಿತ್ತು. ಯಾರೋ ಎಲೆಯಡಿಕೆ ಹಾಕಿಕೊಂಡು, ಕಲ್ಲಿನ ಹೆಣ್ಣಿನ ಎದೆಗೆ ಬೆರಳಿನ ಸುಣ್ಣ ಒರೆಸಿದ್ದರು. ಮೂಗು ಮುಚ್ಚಿಕೊಂಡು ನಾನೇ ಮುಂದಾಗಿ ಗರ್ಭಗುಡಿಗೆ ನುಗ್ಗಿ, ಮಬ್ಬಿನಲ್ಲಿ ವಿಗ್ರಹದ ಮುಂದೆ ಕುಕ್ಕರಗಾಲಲ್ಲಿ ಕೂತೆ.

ಪಕ್ಕದವನಿಗೆ ಗೊತ್ತಾಗದಂತೆ ಬೆಲೆ ಮಾಡಬೇಕಾದರೆ, ದನದ ಸಂತೆಯಲ್ಲಿ ಮಾಡುವ ಹಾಗೆ ಟವೆಲ್ ಕೆಳಗೆ ಕೈ ಹಿಡಿಯುತ್ತೇವೆ. ಎಷ್ಟು ಬೆರಳೋ ಅಷ್ಟು ಬೆಲೆ. ಒಂದು ಬೆರಳೆಂದರೆ ಹತ್ತೋ ನೂರೋ ಎಂದು ಮೊದಲು ಬಾಯಲ್ಲಿ ಆಡಿಕೊಂಡಿರಬೇಕು. ಕೊನೆಗೆ ಅಂಗೈ ಒತ್ತಿದರೆ ಮುಗಿಯಿತು. ಆಮೇಲೆ ಹಿಂದೆ ಸರಿದವನು ಮನುಷ್ಯನೇ ಅಲ್ಲ ಎಂದು ಊರಿಗೆಲ್ಲ ಹೇಳುತ್ತಿದ್ದವನು ನಾನು. ಅಂದು ಸೋಮಣ್ಣ ಕೇಳಿಸಿಕೊಂಡಾನು ಎಂದು ಆ ಬಾಯಿಮಾತನ್ನು ಆಡದೆ ಬಿಟ್ಟೆ. ಹಿಂದೆ ಗೈಡ್ ನಿಂತಿದ್ದಾನೆ ಎಂದುಕೊಂಡು ಟವೆಲ್ ಹೊದಿಸಿದ ಕೈಯನ್ನು ಹಿಂದಕ್ಕೆ ಚಾಚಿದೆ.

ಕೈ ಬಂತು. ಒದ್ದೆ, ಮೆತ್ತಗೆ, ಕೊಳೆತ ಕಾಯಿಯೊಳಗೆ ಬೆರಳಿಟ್ಟ ಹಾಗೆ. ಆದರೂ ವ್ಯಾಪಾರ ಬಿಡಲಿಲ್ಲ. ಅದು ನನ್ನ ನಾಲ್ಕು ಬೆರಳು ಹಿಡಿಯಿತು. ಕೊಡವಿ, ನಾನು ಅದರ ಎರಡು ಹಿಡಿದೆ. ತುಸು ತಡೆದು ಅದು ಮೂರು ಹಿಡಿಯಿತು. ಲಾಭವೇ ಎಂದುಕೊಂಡು ಅಂಗೈ ಒತ್ತಿದೆ. ಅದೂ ಒತ್ತಿತು.

ಆಗ ಹೊರಗಿನಿಂದ ಗೈಡ್ ಕೂಗಿದ: "ಸಾವ್ಕಾರ್ರೇ, ತಡೀರಿ, ಬತ್ತೀನಿ. ಸೋಮಣ್ಣೋರಿಗೆ ಬೀಡಿ ಹಚ್ಚಿ ಕೊಡ್ತಾ ಇವ್ನಿ."

ಟವೆಲ್ ಕಿತ್ತೆ. ಏನೂ ಇರಲಿಲ್ಲ. ಮೊಣಕೈವರೆಗೆ ಲೋಳೆ. ಹೊರಗೆ ಓಡಿ ಬಂದು ಉಂಡದ್ದೆಲ್ಲ ವಾಂತಿ ಮಾಡಿದೆ.

"ಏನ್ಲಾ, ಅಗ್ಗದ ಮಾಲು ಬಿಟ್ಟು ಬರೋ ಗಿರಾಕಿಯಲ್ಲವಲ್ಲೋ ನೀನು," ಎಂದು ಸೋಮಣ್ಣ ನಕ್ಕ. ಒಳಗೆ ಹೋಗಲು ಅವನೂ ಮನಸ್ಸು ಮಾಡಲಿಲ್ಲ.

ಬಾವಲಿಯಿರಬಹುದು, ಕಪ್ಪೆಯಿರಬಹುದು ಎನ್ನುತ್ತಾರೆ. ಇರಲಿ. ನಾಲ್ಕು ಹೇಳಿ ಮೂರಕ್ಕೆ ಇಳಿಯುವ ಕಪ್ಪೆಯನ್ನು ನಾನಂತೂ ನೋಡಿಲ್ಲ. ಸೀಗೆಪುಡಿ, ಬೂದಿ, ಸೀಮೆಎಣ್ಣೆ ಎಲ್ಲ ಹಾಕಿ ಕೈ ಉಜ್ಜಿದ್ದಾಯಿತು. ಅನ್ನ ಕಲಸಲು ಹೋದರೆ ಇವತ್ತಿಗೂ ಆ ಕೊಳೆತ ಕಾಯಿಯ ವಾಸನೆ. ಚಮಚದಲ್ಲಿ ಉಣ್ಣುತ್ತೇನೆ. ಸಾವ್ಕಾರಿಕೆ ಜಾಸ್ತಿಯಾಯಿತು ಎಂದು ನೆಂಟರು ಆಡಿಕೊಳ್ಳುತ್ತಾರೆ.

ನಿಮಗೊಂದು ಬುದ್ಧಿಮಾತು: ಮುಖ ನೋಡದೆ ಯಾರಿಗೂ ಕೈ ಕೊಡಬೇಡಿ. ವಿಗ್ರಹ ನಾನು ತರಲಿಲ್ಲ, ನಿಜ. ಆದರೆ ಅಂಗೈ ಒತ್ತಿದ್ದೇನೆ. ಮೂರು ಎಂದು ಒಪ್ಪಿದ್ದೇನೆ. ಮೂರು ಏನು ಎಂದು ಮಾತ್ರ ಕೇಳಿರಲಿಲ್ಲ.