ಎಡಕ್ಕೆ ತಿರುಗುವವಳು

ನಾನು ಸುಳ್ಳು ಹೇಳಿದೆ, ಡೋನಾ. ನೀನು ಎಡಕ್ಕೂ ತಿರುಗುತ್ತಿದ್ದೆ. ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ — ಆ ತಿರುವು ಕಲಿಸಿದವಳೇ ನಾನು.

ಇಸವಿ ಎಂಬತ್ತೋ, ಎಂಬತ್ತೊಂದೋ — ಗಟ್ಟಿಯಾಗಿ ಹೇಳಲಾರೆ. ಸೌದಿಯ ಗುಡ್ಡದೂರು ಅಭಾದ ಆಸ್ಪತ್ರೆ, ಹೆಂಗಸರ ಹಾಸ್ಟೆಲಿನ ಎತ್ತರದ ಗೋಡೆ, ಒಳಗೆ ಸಿಮೆಂಟಿನ ಅಂಗಳ, ಒಂದೇ ಒಂದು ಬಾಸ್ಕೆಟ್‌ಬಾಲ್ ರಿಂಗು. ಗೋಡೆಯ ಮೇಲೆ ಸಾಲಾಗಿ ಕೂತ ಕೋತಿಗಳು — ದಿನಾ ಇದ್ದವೇ, ಒಂದು ದಿನ ಬಂದವನ್ನು ನಾನೇ ನೆನಪಿನಲ್ಲಿ ದಿನಾ ಕೂರಿಸಿದೆನೇ? ಇರಲಿ. ಇಳಿಹೊತ್ತಿನ ಅಸರ್ ನಮಾಜಿನಿಂದ ಹೊತ್ತು ಮುಳುಗುವ ಮಗ್ರಿಬ್‌ವರೆಗೆ ಅಂಗಳ ನಮ್ಮದು. ಅಬಾಯಾಗಳನ್ನು ರಿಂಗಿನ ಕಂಬಕ್ಕೆ ನೇತುಹಾಕಿ ಓಡುತ್ತಿದ್ದೆವು. ನಾನು ಫಿಸಿಯೋಥೆರಪಿ ವಿಭಾಗದ ಸಹಾಯಕಿ. ಮಂಗಳೂರಿನ ಕಾಲೇಜು ತಂಡದಲ್ಲಿ ಪೋಸ್ಟ್ ಆಡಿದವಳು — ರಿಂಗಿಗೆ ಬೆನ್ನು ಕೊಟ್ಟು ನಿಂತು, ಚೆಂಡು ಹಿಡಿದು, ತಿರುಗಿ ಎಸೆಯುವವಳು. ನೀನು ನಮ್ಮ ಆಸ್ಪತ್ರೆಯ ಡಾಕ್ಟರೊಬ್ಬರ ಮಗಳು, ಅಮೆರಿಕದಲ್ಲಿ ಕಾಲೇಜು ಮುಗಿಸಿ ಬಂದವಳು. ಅದೇ ಜಾಗದ ಆಟಗಾರ್ತಿ, ನನಗಿಂತ ಒಂದು ಗೇಣು ಎತ್ತರ. ಮೊದಲ ದಿನವೇ ಬೆನ್ನಿನಿಂದ ದೂಡಿ ನನ್ನನ್ನು ಕೆಡವಿದೆ. ಬಿದ್ದಲ್ಲೇ ಕೂತು ನಕ್ಕೆ. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಆಮೇಲೆ ದಿನಾ ಅದೇ — ನಿನ್ನ ಬೆನ್ನು, ನನ್ನ ಪಕ್ಕೆಲುಬು, ನಗು. ನನ್ನ ಕೋಣೆಯಲ್ಲಿದ್ದ ಕಾಪುವಿನ ನರ್ಸು ಫಾತಿಮಕ್ಕ ಕಿಟಕಿಯಿಂದ ಗೇಲಿ ಮಾಡುತ್ತಿದ್ದರು: "ಎಂತ ಮಾರಾಯ್ತಿ, ಹಗಲಿಡೀ ಊರವರ ಸೊಂಟ ಸರಿ ಮಾಡುವುದು, ಸಂಜೆ ನಿನ್ನದು ಮುರಿದುಕೊಳ್ಳುವುದು."

ನಮ್ಮ ವಿಭಾಗದ ಮುಖ್ಯಸ್ಥೆ ನೋರಾ ಮೇಡಂ ಹಿಂದೆ ಅಮೆರಿಕದಲ್ಲಿ ಕಾಲೇಜು ಹುಡುಗಿಯರಿಗೆ ಕೋಚ್ ಆಗಿದ್ದವರು. ಅಲ್ಲಿ ಆಗ ಸಂಬಳಕ್ಕೆ ಆಡುವ ಹೆಂಗಸರ ತಂಡಗಳಿದ್ದವು; ಕಾಲೇಜು ಮುಗಿಸಿದವರನ್ನು ಸರದಿಯಂತೆ ಆರಿಸಿಕೊಳ್ಳುತ್ತಿದ್ದವು. ಒಂದು ತಂಡಕ್ಕೆ ಪೋಸ್ಟ್ ಆಟಗಾರ್ತಿ ಬೇಕಿತ್ತು, ಒಬ್ಬಳೇ. ನಿನ್ನ ಬಗ್ಗೆ ವರದಿ ಕೇಳಿ ಮೇಡಂಗೆ ಕಾಗದ ಬಂತು. ನೀನು ಅದಕ್ಕಾಗಿ ಎಷ್ಟು ಹಂಬಲಿಸಿದ್ದೆ — ಅದೂ ನನಗೆ ಗೊತ್ತಿತ್ತು.

ಮೇಡಂ ಅಂಗಳದಲ್ಲಿ ಕುರ್ಚಿ ಹಾಕಿ ವಾರವಿಡೀ ನೋಡಿದರು. ನಿನ್ನ ಕೈ, ಹೆಜ್ಜೆ, ರಿಂಗಿಗೆ ತಾಗಿ ಮರಳುವ ಚೆಂಡಿಗೆ ಜಾಗ ಹಿಡಿಯುವ ರೀತಿ — ಎಲ್ಲ ಬರೆದುಕೊಂಡರು. ಒಂದು ಮಾತ್ರ ಉಳಿಯಿತು: ಎರಡೂ ಕಡೆ ತಿರುಗುತ್ತೀಯಾ ಎಂಬುದು — ಒಂದೇ ಕಡೆ ತಿರುಗುವವಳನ್ನು ತಡೆಯುವುದು ಸುಲಭ. ಪೋಸ್ಟ್ ಆಟಗಾರ್ತಿಯ ತಿರುವನ್ನು ಅವರು ಕಣ್ಣಿನಿಂದ ನಂಬುತ್ತಿರಲಿಲ್ಲ; ಬೆನ್ನಿಗೆ ಅಂಟಿ ತಡೆಯುವವಳನ್ನೇ ಕೇಳುವುದು ಅವರ ಪದ್ಧತಿ.

"ಸಫಿಯಾ, ಎಡಕ್ಕೆ ನಿಜವಾಗಿ ಭಾರ ಹಾಕುತ್ತಾಳಾ, ಸುಮ್ಮನೆ ತೋರಿಸುತ್ತಾಳಾ?"

"ತೋರಿಸುತ್ತಾಳೆ. ತಿರುಗುವುದು ಬಲಕ್ಕೆ ಮಾತ್ರ."

ಯೋಚಿಸಿ ಹೇಳಿದೆನೇ? ಹೇಳಿದ ಮೇಲೆ ಯೋಚಿಸಿದೆನೇ? ನೀನಿಲ್ಲದ ಸಂಜೆ ಬೇಡವಾಗಿತ್ತು, ಅಷ್ಟೇ. ಅವರು ಬರೆದುಕೊಂಡರು.

ತಂಡ ಬೇರೆಯವಳನ್ನು ಆರಿಸಿತು. ಒಂದು ಸಂಜೆ ನೀನು ಬರಲಿಲ್ಲ. ಮರುದಿನ ಬಂದು, "ನನ್ನ ಎಡ ತಿರುವು ಸಾಲದಂತೆ, ಇನ್ನೊಮ್ಮೆ ಕಲಿಸು" ಎಂದೆ ನೀನು. ಕಲಿಸಿದೆ — ಆ ತಿರುವು ಆಗಲೇ ಬರುತ್ತಿದ್ದವಳಿಗೇ ಕಲಿಸಿದೆ. ವರ್ಷವಿಡೀ. ಮಂಜಿನಲ್ಲಿ ರಿಂಗು ಕಾಣದ ದಿನವೂ ಎಸೆದೆವು. ಚೆಂಡು ಬಲೆಗೆ ತಾಗಿದ ಸದ್ದು ಕೇಳಿ ಕುಣಿದೆವು. ಒಂದು ಸಂಜೆ ಫಾತಿಮಕ್ಕನೂ ಇಳಿದು ಬಂದು ಚೆಂಡನ್ನು ಮಗುವಿನಂತೆ ಅಪ್ಪಿಕೊಂಡು ಓಡಿದರು. ಡೋನಾ, ನನ್ನ ಬದುಕಿನಲ್ಲಿ ಅಷ್ಟು ಸಂತೋಷದ ವರ್ಷ ಇನ್ನೊಂದಿಲ್ಲ. ಈಗಲೂ ನೆನೆದರೆ ನಗು ಬರುತ್ತದೆ — ತಪ್ಪೊಪ್ಪಿಕೊಳ್ಳುತ್ತಾ ನಗುವುದು ಸರಿಯಲ್ಲ, ಆದರೆ ಬರುತ್ತದೆ.

ಅಷ್ಟರಲ್ಲಿ ಅಮೆರಿಕದ ಆ ತಂಡಗಳೆಲ್ಲ ಮುಚ್ಚಿದವು. ಹೋಗಿದ್ದರೂ ನೀನು ಒಂದೇ ವರ್ಷ ಆಡುತ್ತಿದ್ದೆ ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಇದ್ದದ್ದೇ ಆ ಒಂದು ವರ್ಷ. ಅದು ನಿನ್ನದು. ಅದನ್ನು ಬದುಕಿದವಳು ನಾನು.

ನೋಡು, ಇಷ್ಟನ್ನೂ ನಿನಗೆ ಓದಲು ಬಾರದ ಭಾಷೆಯಲ್ಲಿ ಬರೆದಿದ್ದೇನೆ. ಇನ್ನು ಇಂಗ್ಲಿಷಿನಲ್ಲಿ ಬರೆಯಬೇಕು — ಕೋತಿ, ಮಂಜು, ನಗು ಎಲ್ಲ ಬಿಟ್ಟು. ನೀನು ಎಡಕ್ಕೂ ತಿರುಗುತ್ತಿದ್ದೆ, ಪೂರ್ತಿ ಭಾರ ಹಾಕಿ. ನನ್ನ ಪಕ್ಕೆಲುಬಿಗೆ ಗೊತ್ತಿತ್ತು.