ಸುಫಿಯಾ ಕೇಳಿದ ಇಪ್ಪತ್ತು ನಿಮಿಷ

ಹುಣಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಸುಫಿಯಾ ಹನ್ನೊಂದು ವರ್ಷದ ಹಿಂದೆ ಸೇರಿದ್ದು ಹೊರರೋಗಿಗಳ ಚೀಟಿ ಬರೆಯುವ ಕೆಲಸಕ್ಕೆ. ಮನೆ ಹೆಗ್ಗಡದೇವನಕೋಟೆಯಲ್ಲಿ, ಸುತ್ತಲಿನವರ ಬಾಯಲ್ಲಿ ಬರೀ ಕೋಟೆ. ತಂದೆ ರಜಾಕ್ ಊರ ಪಕ್ಕದ ಹ್ಯಾಂಡ್‌ಪೋಸ್ಟ್‌ನಲ್ಲಿ ಪಂಪ್‌ಸೆಟ್ ಮೋಟರ್‌ಗಳಿಗೆ ವೈಂಡಿಂಗ್ ಮಾಡುವವರು. ಆಸ್ಪತ್ರೆಯ ಕಂಪ್ಯೂಟರ್ ಕೆಟ್ಟಾಗಲೆಲ್ಲ ಮೈಸೂರಿನಿಂದ ಬರುತ್ತಿದ್ದ ರಿಪೇರಿಯವರ ಪಕ್ಕದಲ್ಲಿ ನಿಂತು, ಏನು ಒತ್ತಿದಿರಿ, ಯಾಕೆ ಒತ್ತಿದಿರಿ ಎಂದು ಕೇಳಿ ಕೇಳಿ ಸುಫಿಯಾ ಕೆಲಸ ಕಲಿತಳು. ಮೂರು ವರ್ಷದಿಂದ ಸರ್ವರ್ ಕೋಣೆಯ ಬೀಗದಕೈ ಅವಳ ಬಳಿಯೇ ಇದೆ.

ಆ ಕೋಣೆಯಲ್ಲಿ ಮೂರು ಸರ್ವರ್‌ಗಳನ್ನು ಒಟ್ಟಾಗಿ ಕೆಲಸ ಮಾಡುವ ಒಂದು ಕ್ಲಸ್ಟರ್ ಆಗಿ ಜೋಡಿಸಿದ್ದರು. ಪ್ರಯೋಗಾಲಯ, ಔಷಧ ವಿಭಾಗ, ರಕ್ತನಿಧಿ ಇವೆಲ್ಲದರ ಸಾಫ್ಟ್‌ವೇರ್ ಅವುಗಳೊಳಗೆ ಬೇರೆ ಬೇರೆ ವರ್ಚುವಲ್ ಯಂತ್ರಗಳಾಗಿ, ಅಂದರೆ ಸರ್ವರಿನೊಳಗಿನ ಕಾಲ್ಪನಿಕ ಕಂಪ್ಯೂಟರುಗಳಾಗಿ, ಓಡುತ್ತಿತ್ತು. ಒಂದು ಸರ್ವರ್‌ಗೆ ತೊಂದರೆಯಾದರೆ ಅದರೊಳಗಿನ ಯಂತ್ರವನ್ನು ನಿಲ್ಲಿಸದೆಯೇ ಇನ್ನೊಂದಕ್ಕೆ ದಾಟಿಸಬಹುದು. ಆದರೆ ಎರಡರ ಪ್ರೊಸೆಸರ್‌ಗಳೂ ಒಂದಕ್ಕೊಂದು ಹೊಂದಬೇಕು.

ಜೂನ್‌ನಲ್ಲಿ ಮೂರರಲ್ಲಿ ಒಂದು ಸುಟ್ಟುಹೋಯಿತು. ಬದಲಿಗೆ ತರಿಸಿದ್ದು ಬೇರೆಡೆ ಬಳಸಿ ರಿಪೇರಿ ಮಾಡಿದ್ದ ಸರ್ವರ್. ಸುಫಿಯಾ ಅದನ್ನು ಆನ್ ಮಾಡಿ, ಫ್ಯಾನು, ಡಿಸ್ಕು ನೋಡಿ, ಸರಿ ಇದೆ ಎಂದು ಸಹಿ ಹಾಕಿದಳು. ಭಾನುವಾರ ಆಸ್ಪತ್ರೆ ಖಾಲಿಯಿರುವಾಗ ಕ್ಲಸ್ಟರ್‌ಗೆ ಸೇರಿಸಿದರಾಯಿತು ಎಂದುಕೊಂಡಳು.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಉಳಿದ ಎರಡು ಸರ್ವರ್‌ಗಳಲ್ಲಿ ಒಂದು ಮೆಮೊರಿ ದೋಷದ ಎಚ್ಚರಿಕೆ ಕೊಡತೊಡಗಿತು. ಮೊದಲು ನಿಮಿಷಕ್ಕೊಂದು, ಆಮೇಲೆ ನಿಮಿಷಕ್ಕೆ ಐದು. ರಕ್ತನಿಧಿಯ ಯಂತ್ರ ಓಡುತ್ತಿದ್ದದ್ದು ಅದರಲ್ಲೇ. ಇನ್ನೊಂದರಲ್ಲಿ ಎಳ್ಳಷ್ಟೂ ಜಾಗವಿರಲಿಲ್ಲ.

ಸುಫಿಯಾ ತಕ್ಷಣ ಬದಲಿ ಸರ್ವರನ್ನು ಕ್ಲಸ್ಟರ್‌ಗೆ ಸೇರಿಸಲು ಹೋದಳು. ಪರದೆಯ ಮೇಲೆ ಕೆಂಪು ಸಾಲು ಬಂತು: ಕ್ಲಸ್ಟರ್‌ಗೆ ಬೇಕಾದ ಪ್ರೊಸೆಸರ್ ಸೌಲಭ್ಯ ಈ ಸರ್ವರ್‌ನಲ್ಲಿ ಇಲ್ಲ.

ಸರ್ವರ್ ಮಾರಿದ ಧರ್ಮೇಂದ್ರನಿಗೆ ಫೋನ್ ಮಾಡಿದಳು.

"ಮೇಡಂ, ನಿಮ್ಮವಕ್ಕಿಂತ ಒಂದು ತಲೆಮಾರು ಹೊಸ ಪ್ರೊಸೆಸರ್ ಅದು. ಹಳೇದ್ರಲ್ಲಿ ಇರೋದೆಲ್ಲ ಅದ್ರಲ್ಲಿ ಇದ್ದೇ ಇರುತ್ತೆ," ಎಂದ ಅವನು.

"ಇಲ್ಲ ಅಂತ ತೋರಿಸ್ತಾ ಇದೆಯಲ್ರೀ."

ಅಷ್ಟರಲ್ಲಿ ಆಡಳಿತಾಧಿಕಾರಿ ಮಹದೇವಪ್ರಸಾದ್ ಬಂದು ಬಾಗಿಲಲ್ಲಿ ನಿಂತರು. "ರಕ್ತನಿಧೀದು ಆಫ್ ಮಾಡಿ, ಹೊಸದ್ರಲ್ಲಿ ಬೇರೆಯಾಗೇ ಶುರು ಮಾಡೋಕೆ ಆಗಲ್ವೇನಮ್ಮ?"

"ಆಗುತ್ತೆ ಸಾರ್. ಆದ್ರೆ ಅರ್ಧ ಗಂಟೆ ಏನೂ ಸಿಗಲ್ಲ."

"ಅರ್ಧ ಗಂಟೆ ತಾನೆ? ಮಾಡಿಬುಡಿ."

ಅವಳ ಕೈ ಮೌಸ್ ಮೇಲಿತ್ತು. ಆಗಲೇ ಮೇಜಿನ ಫೋನು ಹೊಡೆದುಕೊಂಡಿತು. ಹೆರಿಗೆ ವಾರ್ಡಿನ ಹಿರಿಯ ನರ್ಸ್ ಚಿಕ್ಕಸಿದ್ದಮ್ಮ.

"ಸುಫಿಯಾ, ಕೋಟೆಯಿಂದ ಬಾಣಂತಿ ಒಬ್ಳನ್ನ ಕರ್ಕಂಡ್ ಬತ್ತಾವ್ರೆ ಕಣವ್ವ. ಮರಮ್ಮ ಅಂತ. ರಕ್ತ ನಿಲ್ತಾನೇ ಇಲ್ಲ. ಓ ನೆಗೆಟಿವ್ ಅಂತೆ. ಯಾವ ಚೀಲ ಎಲ್ಲೈತೆ ಅಂತ ಕಂಪ್ಯೂಟರ್‌ನಲ್ಲೇ ನೋಡ್ಬೇಕು. ಏನಾದ್ರೂ ನಿಲ್ಸಿಗಿಲ್ಸೀಯೆ!"

ಸುಫಿಯಾ ಮೌಸ್ ಬಿಟ್ಟಳು. "ಇಪ್ಪತ್ತು ನಿಮಿಷ ಕೊಡಿ ಸಾರ್," ಎಂದಳು.

"ಅಷ್ಟ್ರೊಳಗೆ ಆ ಸರ್ವರ್ರೇ ಸತ್ತೋದ್ರೆ?"

ಸುಫಿಯಾ ಪರದೆಯತ್ತ ಬಾಗಿದಳು. ಕೆಂಪು ಸಾಲಿನ ಕೆಳಗಿನ ಸಣ್ಣಕ್ಷರಗಳನ್ನು ಬೆರಳಿಟ್ಟು ಓದತೊಡಗಿದಳು. ಕಾಣದೆ ಇದ್ದ ಸೌಲಭ್ಯ ಒಂದೇ, ದತ್ತಾಂಶವನ್ನು ಗೂಢಲಿಪಿಗೆ ತಿರುಗಿಸುವ ಸೂಚನೆಗಳದ್ದು. ಹೊಸ ಪ್ರೊಸೆಸರ್‌ನಲ್ಲಿ ಅದು ಇಲ್ಲದಿರಲು ಸಾಧ್ಯವೇ ಇಲ್ಲ. ಇದ್ದೂ ಕಾಣದಿದ್ದರೆ ಯಾರೋ ಅದನ್ನು ಮುಚ್ಚಿರಬೇಕು.

ಬದಲಿ ಸರ್ವರನ್ನು ಮತ್ತೆ ಶುರುಮಾಡಿ, ಅದು ಏಳುವ ಮೊದಲೇ ಅದರ ಮೂಲ ಸೆಟ್ಟಿಂಗ್‌ಗಳೊಳಗೆ ಹೋದಳು. ಐದನೆಯ ಪುಟದಲ್ಲಿ ಸಿಕ್ಕಿತು. ಹಿಂದೆ ಬಳಸಿದವರು ಆ ಸೌಲಭ್ಯವನ್ನು ಆಫ್ ಮಾಡಿಟ್ಟಿದ್ದರು.

"ತಪ್ಪು ನಂದೇ ಸಾರ್," ಎಂದಳು. "ಸಹಿ ಹಾಕೋ ಮುಂಚೆ ಇದನ್ನ ತೆಗೆದು ನೋಡ್ಲಿಲ್ಲ."

"ಅದೆಲ್ಲ ಆಮೇಲೆ. ಈಗ ಸರಿ ಮಾಡಮ್ಮ."

ಅವಳು ಆನ್ ಮಾಡಿ, ಉಳಿಸಿ, ಮತ್ತೆ ಶುರುಮಾಡಿದಳು. ಸರ್ವರ್ ಏಳಲು ಆರು ನಿಮಿಷ. ಮತ್ತೆ ಕ್ಲಸ್ಟರ್‌ಗೆ ಸೇರಿಸಲು ನೋಡಿದಳು. ಅದೇ ಕೆಂಪು ಸಾಲು.

ಹೊರಗೆ ಆಂಬುಲೆನ್ಸ್ ಬಂದ ಸದ್ದಾಯಿತು.  ಸುಫಿಯಾ ಸರ್ವರಿನ ಕೈಪಿಡಿ ತೆಗೆದಳು. ಹಾಳೆಗಳನ್ನು ಮಗುಚುತ್ತಿದ್ದಾಗ ಒಂದು ಟಿಪ್ಪಣಿ ಕಣ್ಣಿಗೆ ಬಿತ್ತು: ಇಂಥ ಬದಲಾವಣೆಗೆ ಬರೀ ಮತ್ತೆ ಶುರುಮಾಡಿದರೆ ಸಾಲದು, ವಿದ್ಯುತ್ತನ್ನು ಪೂರ್ತಿ ತೆಗೆಯಬೇಕು.

ಅವಳು ಸರ್ವರನ್ನು ಆರಿಸಿ, ಹಿಂದೆ ನುಗ್ಗಿ ಎರಡೂ ಕೇಬಲ್ ಕಿತ್ತಳು. ಮೂವತ್ತು ಎಣಿಸಿದಳು. ಮತ್ತೆ ಚುಚ್ಚಿದಳು. ಮತ್ತೆ ಆರು ನಿಮಿಷ. ರಕ್ತನಿಧಿ ಓಡುತ್ತಿದ್ದ ಸರ್ವರಿನ ದೋಷಗಳು ಈಗ ನಿಮಿಷಕ್ಕೆ ನಲವತ್ತು ದಾಟಿದ್ದವು.

ಈ ಸಲ ಕೆಂಪು ಸಾಲು ಬರಲಿಲ್ಲ.

ರಕ್ತನಿಧಿಯ ಯಂತ್ರವನ್ನು ಓಡುತ್ತಿರುವಂತೆಯೇ ದಾಟಿಸಲು ಆಜ್ಞೆ ಕೊಟ್ಟಳು. ಹತ್ತು ಪರ್ಸೆಂಟ್, ಮೂವತ್ತು. ಅರವತ್ತೆರಡಕ್ಕೆ ಬಂದು ನಿಂತೇ ನಿಂತಿತು. ಮತ್ತೆ ಬಂದ ಫೋನಿನಲ್ಲಿ ಚಿಕ್ಕಸಿದ್ದಮ್ಮ, "ಚೀಲದ್ ನಂಬರ್ ಬತ್ತಾ ಐತೆ ಕಣವ್ವ, ಒಂದು ಸಿಕ್ತು, ಎರಡ್ನೇದೂ ಸಿಕ್ತು" ಎನ್ನುತ್ತಿದ್ದರು. ಅವರಿಗೆ ಗೊತ್ತಾಗದಂತೆಯೇ ಸಂಖ್ಯೆ ಮತ್ತೆ ಏರಿ, ಯಂತ್ರ ಆಚೆ ದಾಟಿ ಮುಗಿಯಿತು.

ಉಳಿದ ಯಂತ್ರಗಳನ್ನೂ ಒಂದೊಂದಾಗಿ ದಾಟಿಸಿದಳು. ಕೊನೆಯದು ಹೋಗಿ ಹದಿನೇಳು ನಿಮಿಷಕ್ಕೆ ದೋಷವಿದ್ದ ಸರ್ವರ್ ತಾನಾಗಿಯೇ ನಿಂತುಹೋಯಿತು. 

ಮರಮ್ಮನಿಗೆ ನಾಲ್ಕು ಚೀಲ ರಕ್ತ ಹೋಯಿತು. ಹತ್ತನೆಯ ದಿನ ಸಂಜೆ ಅವಳು ತಾಯಿಯ ಜೊತೆ ಕೋಟೆಯ ಬಸ್ಸು ಹತ್ತಿದಾಗ ಸೀಟು ಬಿಟ್ಟುಕೊಟ್ಟವಳು ಸುಫಿಯಾ.

"ಎಲ್ಲಿ ಕೆಲ್ಸ ತಾಯಿ?" ಎಂದು ಕೇಳಿದಳು ಮರಮ್ಮ.

"ಆಸ್ಪತ್ರೇಲಿ. ಕಂಪ್ಯೂಟರ್ ನೋಡ್ಕೊಳ್ಳೋದು."

"ಒಳ್ಳೇದು ಬುಡಿ, ಕೂತ್ಕಂಡ್ ಮಾಡೋ ಕೆಲ್ಸ," ಎಂದು ಮರಮ್ಮ ಮಗುವಿನ ಮುಖಕ್ಕೆ ಗಾಳಿ ತಾಗದಂತೆ ಸೆರಗು ಎಳೆದಳು. ಸುಫಿಯಾ ಹೌದೆಂದು ತಲೆಯಾಡಿಸಿದಳು.